ಮೂರನೆಯ ಕಾಯಿಲ್

ಜುಲೈ ತಿಂಗಳ ಒಂದು ಸಂಜೆ ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತುತ್ತಿದ್ದಾಗ, ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ನಮ್ಮ ಕಾರು ಬಿಕ್ಕಳಿಸಿತು. ಬೆಳ್ತಂಗಡಿಯ ಮನೆಯಿಂದ ಹಾಸನಕ್ಕೆ ಹಿಂದಿರುಗುತ್ತಿದ್ದೆವು. ಒಳಗೆ ನಾಲ್ಕು ಜನ, ಡಿಕ್ಕಿಯಲ್ಲಿ ಅಮ್ಮ ಕಟ್ಟಿಕೊಟ್ಟ ಒಂದು ಚೀಲ ತೆಂಗಿನಕಾಯಿ, ಸಾಲದ್ದಕ್ಕೆ ಎರಡು ಹಲಸಿನ ಹಣ್ಣು. ಎರಡನೆಯ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಯಾರೋ ಹಿಂದಿನಿಂದ ಹಿಡಿದು ಬಿಟ್ಟು ಮಾಡಿದಂತೆ ಜಗ್ಗುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಮಿನುಗತೊಡಗಿತು. ಕಾಲು ಸಡಿಲಿಸಿ ನಿಧಾನವಾಗಿ ಹೋದರೆ ಜಗ್ಗಾಟ ಕಡಿಮೆಯಾಗುತ್ತಿತ್ತು. ಹಾಗೆ ತೆವಳುತ್ತಲೇ ಕೊಟ್ಟಿಗೆಹಾರ ಮುಟ್ಟಿ, ನೀರುದೋಸೆ ತಿಂದು, ಎಂಜಿನ್ ಸ್ವಲ್ಪ ಆರಿದ ಮೇಲೆ ಹೊರಟರೆ, ಮೂಡಿಗೆರೆಯಿಂದ ಆಚೆಯ ಸಮತಟ್ಟು ರಸ್ತೆಯಲ್ಲಿ ಏನೂ ಆಗಿಯೇ ಇಲ್ಲವೆಂಬಂತೆ ಓಡಿತು. ದೀಪ ಮಿನುಗುವುದು ನಿಂತಿತ್ತು, ಆದರೆ ಆರಿರಲಿಲ್ಲ.

ಮರುದಿನ ತೋರಿಸಿದ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ, ಒಂದೆರಡು ಸಲ ರೇಸ್ ಮಾಡಿ ನೋಡಿ, "ಮಿಸ್ಸಿಂಗ್ ಇದೆ ಸರ್, ನಾಲ್ಕೂ ಕಾಯಿಲ್ ಚೇಂಜ್ ಮಾಡಿ, ಇಂಜೆಕ್ಟರ್ ಕ್ಲೀನ್ ಮಾಡಿ, ಥ್ರಾಟಲ್ ಬಾಡಿನೂ ಒಮ್ಮೆ ಬಿಚ್ಚಿಬಿಡೋಣ" ಎಂದರು. ನನಗೆ ಸಿಟ್ಟು ಬರಲಿಲ್ಲ. ಮಿಸ್ಸಿಂಗ್ ಎಂಬ ದೂರಿಗೆ, ಎಂದರೆ ಯಾವುದೋ ಸಿಲಿಂಡರು ತನ್ನ ಸರದಿಯಲ್ಲಿ ಸಿಡಿಯದಿರುವುದಕ್ಕೆ, ಹತ್ತು ಕಾರಣಗಳಿರಬಹುದು, ಒಂದೊಂದನ್ನೇ ಹುಡುಕುತ್ತ ಕುಳಿತರೆ ಅವರ ಅರ್ಧ ದಿನ ಹೋಗುತ್ತದೆ, ಆ ಅರ್ಧ ದಿನದ ಕೂಲಿಯನ್ನು ಕೊಡಲು ನಾವು ಯಾರೂ ಸಿದ್ಧರಿಲ್ಲ. ಬಿಡಿಭಾಗಕ್ಕೆ ಹಣ ಕೊಡುವಷ್ಟು ಸುಲಭವಾಗಿ ಯೋಚನೆಗೆ ಹಣ ಕೊಡುವ ಅಭ್ಯಾಸ ನಮಗಿಲ್ಲ. ಆದರೂ ಅಂದಾಜಿನ ಮೇಲೆ, ಕಿಡಿಗೆ ಬೇಕಾದ ವೋಲ್ಟೇಜು ಹುಟ್ಟಿಸುವ ನಾಲ್ಕು ಕಾಯಿಲ್‌ಗಳನ್ನು ಕೊಳ್ಳುವುದಕ್ಕೆ ಮನಸ್ಸು ಒಪ್ಪದೆ, ಭಾನುವಾರ ನಾನೇ ನೋಡುತ್ತೇನೆಂದು ಕಾರನ್ನು ಮನೆಗೆ ತಂದೆ.

ರಾತ್ರಿ ಅಪ್ಪ ಫೋನ್ ಮಾಡಿದರು. "ಪ್ಲಗ್ ತೆಗೆದು ನೋಡಿದಿಯಾ?" ಎಂಬುದೇ ಅವರ ಮೊದಲ ಪ್ರಶ್ನೆ. ಅವರ ಕಾಲದಲ್ಲಿ ಎಲ್ಲ ಕಾಯಿಲೆಗೂ ನಾಡಿ ಹಿಡಿಯುವ ಜಾಗವೆಂದರೆ ಸಿಲಿಂಡರಿನೊಳಗೆ ಕಿಡಿ ಹಾರಿಸುವ ಪ್ಲಗ್. ಅಂಬಾಸಿಡರ್, ಪದ್ಮಿನಿಗಳ ಕಾಲದ ಪೆಟ್ರೋಲ್ ಎಂಜಿನ್‌ಗಳಲ್ಲಿ ಕಾಯಿಲ್ ಒಂದೇ ಇರುತ್ತಿತ್ತು; ಅದು ಹುಟ್ಟಿಸಿದ ಕಿಡಿಯನ್ನು ಡಿಸ್ಟ್ರಿಬ್ಯೂಟರ್ ಎಂಬ ತಿರುಗುವ ಹಂಚಿಕೆದಾರ ನಾಲ್ಕು ದಪ್ಪ ವೈರುಗಳ ಮೂಲಕ ನಾಲ್ಕು ಸಿಲಿಂಡರುಗಳಿಗೆ ಸರದಿಯಂತೆ ಕಳುಹಿಸುತ್ತಿತ್ತು. ಅದರೊಳಗೆ ಪಾಯಿಂಟ್ ಎಂದು ಕರೆಯುತ್ತಿದ್ದ ಒಂದು ಜೊತೆ ಲೋಹದ ತುಟಿಗಳು ತೆರೆದು ಮುಚ್ಚುತ್ತಿದ್ದವು, ಸುಡುತ್ತಿದ್ದವು, ಗುಳಿ ಬೀಳುತ್ತಿದ್ದವು. ಅಪ್ಪ ಅವನ್ನು ಎಮರಿ ಕಾಗದದಲ್ಲಿ ತಿಕ್ಕಿ, ಫೀಲರ್ ಗೇಜಿನ ತೆಳು ಹಾಳೆ ತೂರಿಸಿ, ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆಯ ಸಂದನ್ನು ಹೊಂದಿಸುತ್ತಿದ್ದುದನ್ನು ನಾನು ಟಾರ್ಚ್ ಹಿಡಿದು ನೋಡಿದ್ದೇನೆ. ಮಳೆಗಾಲದ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ಅಡುಗೆಮನೆಗೆ ಒಯ್ದು ಒಲೆಯ ಪಕ್ಕ ಒಣಗಿಸಿ ತರುವುದೂ ದುರಸ್ತಿಯ ಒಂದು ವಿಧವೇ ಆಗಿತ್ತು.

ಈಗಿನ ಕಾರುಗಳಲ್ಲಿ ಆ ಹಂಚಿಕೆದಾರನಿಲ್ಲ. ಪ್ರತಿ ಸಿಲಿಂಡರಿನ ನೆತ್ತಿಯ ಮೇಲೂ ಒಂದೊಂದು ಪುಟ್ಟ ಕಾಯಿಲ್ ನೇರವಾಗಿ ಪ್ಲಗ್ಗಿನ ಮೇಲೆಯೇ ಕುಳಿತಿರುತ್ತದೆ. ಕೆಲಸದ ತತ್ವ ಮಾತ್ರ ಬದಲಾಗಿಲ್ಲ. ಒಂದು ಕಬ್ಬಿಣದ ತಿರುಳಿನ ಸುತ್ತ ಎರಡು ತಾಮ್ರದ ಸುರುಳಿಗಳು: ಒಂದರಲ್ಲಿ ನೂರಾರು ಸುತ್ತು, ಇನ್ನೊಂದರಲ್ಲಿ ಅದರ ಸರಿಸುಮಾರು ನೂರರಷ್ಟು. ಮೊದಲನೆಯದಕ್ಕೆ ಬ್ಯಾಟರಿಯ 12 ವೋಲ್ಟ್ ಕೊಟ್ಟು ಕೆಲವು ಮಿಲಿಸೆಕೆಂಡು ವಿದ್ಯುತ್ ಹರಿಸಿದರೆ ಸುತ್ತಲೂ ಕಾಂತಕ್ಷೇತ್ರ ತುಂಬಿಕೊಳ್ಳುತ್ತದೆ. ಹರಿವನ್ನು ಥಟ್ಟನೆ ಕಡಿದರೆ ಆ ಕ್ಷೇತ್ರ ಕುಸಿಯುತ್ತದೆ, ಆ ಕುಸಿತದ ರಭಸಕ್ಕೆ ಮೊದಲ ಸುರುಳಿಯಲ್ಲೇ ಮುನ್ನೂರು ನಾನ್ನೂರು ವೋಲ್ಟ್ ಹುಟ್ಟಿ, ಎರಡನೆಯದರಲ್ಲಿ ಅದು ನೂರು ಮಡಿಯಾಗಿ ಮೂವತ್ತು, ನಲವತ್ತು ಸಾವಿರದವರೆಗೆ ಏರಬಲ್ಲದು. ಕಿಡಿ ಹುಟ್ಟುವುದು ವಿದ್ಯುತ್ತನ್ನು ಕೊಟ್ಟಾಗ ಅಲ್ಲ, ಕಿತ್ತುಕೊಂಡಾಗ. ಫ್ಯಾರಡೆ ಪ್ರೇರಣೆಯ ನಿಯಮವನ್ನು ಕಂಡದ್ದು 1831ರಲ್ಲಿ. ಐರ್ಲೆಂಡಿನ ಮೇನೂತ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಿಕೊಲಸ್ ಕ್ಯಾಲನ್ ಎಂಬ ಪಾದ್ರಿ ಇಂಥ ಜೋಡಿ ಸುರುಳಿಯನ್ನು 1836ರಲ್ಲೇ ಮಾಡಿದ್ದ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಆರಂಭಕ್ಕೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅದನ್ನು ಬ್ಯಾಟರಿ ಮತ್ತು ಪಾಯಿಂಟುಗಳ ಜೊತೆ ಸೇರಿಸಿ ಕ್ಯಾಡಿಲಾಕ್ ಕಾರಿಗೆ ಅಳವಡಿಸಿದ. ಅಪ್ಪನ ಪಾಯಿಂಟ್ ಮಾಡುತ್ತಿದ್ದ ಕಡಿಯುವ ಕೆಲಸವನ್ನು ಇಂದು ಒಂದು ಟ್ರಾನ್ಸಿಸ್ಟರ್ ಮಾಡುತ್ತದೆ, ಅಷ್ಟೇ.

ಹಾಗಾದರೆ ಗಾಡಿ ಘಾಟಿಯಲ್ಲಿ ಮಾತ್ರ ಏಕೆ ಬಿಕ್ಕಳಿಸಬೇಕು? ಪ್ಲಗ್ಗಿನ ತುದಿಯ ಸಂದು ಒಂದು ಮಿಲಿಮೀಟರಿನ ಆಸುಪಾಸು. ಕಿಡಿ ಆ ಸಂದನ್ನು ಹಾರಲು ಬೇಕಾದ ವೋಲ್ಟೇಜು ಸಂದಿನ ಅಗಲವನ್ನಷ್ಟೇ ಅಲ್ಲ, ಅಲ್ಲಿರುವ ಅನಿಲದ ಒತ್ತಡವನ್ನೂ ಅವಲಂಬಿಸಿದೆ ಎಂದು ಫ್ರೆಡರಿಕ್ ಪಾಶೆನ್ ಎಂಬ ಜರ್ಮನ್ ವಿಜ್ಞಾನಿ 1889ರಲ್ಲಿ ತೋರಿಸಿದ್ದ. ಗಾಡಿ ನಿಂತಲ್ಲೇ ಗುನುಗುವಾಗ ಗಾಳಿಯನ್ನು ಒಳಬಿಡುವ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ, ಸಿಲಿಂಡರಿನೊಳಕ್ಕೆ ಗಾಳಿ ಕಡಿಮೆ, ಒತ್ತಡವೂ ಕಡಿಮೆ, ಸೊರಗಿದ ಕಿಡಿಯೂ ಹೇಗೋ ಹಾರಿಬಿಡುತ್ತದೆ. ತೆಂಗಿನಕಾಯಿ ಚೀಲ ಹೊತ್ತು ಘಾಟಿ ಹತ್ತುವಾಗ ಥ್ರಾಟಲ್ ಬಾಯಿ ತೆರೆದು, ಸಿಲಿಂಡರು ತುಂಬಿ, ಒತ್ತಡ ಹಲವು ಪಟ್ಟು ಏರುತ್ತದೆ. ಆಗ ವಿದ್ಯುತ್ತಿಗೆ ಸಂದನ್ನು ಹಾರುವುದು ಕಷ್ಟವಾಗಿ, ಬೇರೆ ಯಾವುದಾದರೂ ಸುಲಭದ ದಾರಿ ಸಿಕ್ಕರೆ ಅದನ್ನೇ ಹಿಡಿಯುತ್ತದೆ. ಈ ಕೊನೆಯ ಮಾತನ್ನು ನಾನು ಅಂದೇ ಸರಿಯಾಗಿ ಯೋಚಿಸಿದ್ದರೆ ಮುಂದಿನ ಪ್ರಮಾದವಾಗುತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಮೊದಲು ಸ್ಕ್ಯಾನರ್ ಹಾಕಿದೆ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ಸಾಧನವದು. ಫೋನಿನಲ್ಲಿ ಎರಡು ದೋಷ ಸಂಕೇತಗಳು ಮೂಡಿದವು, ಪಿ0300 ಮತ್ತು ಪಿ0303. ಮೊದಲನೆಯದು ಎಲ್ಲೋ ಮಿಸ್ಸಿಂಗ್ ಇದೆಯೆಂದು ಹೇಳಿದರೆ, ಎರಡನೆಯದು ಅದು ಮೂರನೆಯ ಸಿಲಿಂಡರಿನಲ್ಲಿದೆ ಎಂದು ಬೆರಳು ತೋರಿಸುತ್ತದೆ. ಕಾರಿನ ಕಂಪ್ಯೂಟರಿಗೆ ಇದು ಗೊತ್ತಾಗುವ ಬಗೆ ಸೊಗಸಾದದ್ದು. ಅದು ಕಿಡಿಯನ್ನು ನೋಡುವುದಿಲ್ಲ. ಕ್ರ್ಯಾಂಕ್ ಶಾಫ್ಟ್ ತಿರುಗುವ ವೇಗವನ್ನು ಕ್ಷಣಕ್ಷಣಕ್ಕೂ ಎಣಿಸುತ್ತಿರುತ್ತದೆ. ಪ್ರತಿ ಸಿಲಿಂಡರು ಸಿಡಿದಾಗ ಶಾಫ್ಟಿಗೆ ಒಂದು ನೂಕು ಸಿಗಬೇಕು. ಮೂರನೆಯದರ ಸರದಿಯಲ್ಲಿ ನೂಕು ಬರದೆ ವೇಗ ತುಸು ಕುಗ್ಗಿದರೆ ಆ ಕುಗ್ಗುವಿಕೆಯನ್ನೇ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ. ಎಂದರೆ ಅದಕ್ಕೆ ತಿಳಿದಿರುವುದು ಮೂರನೆಯ ಆಳು ಕೆಲಸ ಮಾಡಲಿಲ್ಲವೆಂಬುದು ಮಾತ್ರ, ಏಕೆ ಮಾಡಲಿಲ್ಲವೆಂಬುದಲ್ಲ.

ಏಕೆ ಎಂಬುದನ್ನು ಹುಡುಕಲು ಒಂದು ಹಳೆಯ ಉಪಾಯವಿದೆ. ಮೂರನೆಯ ಸಿಲಿಂಡರಿನ ಕಾಯಿಲ್ ತೆಗೆದು ಎರಡನೆಯದಕ್ಕೆ, ಎರಡನೆಯದರದ್ದನ್ನು ಮೂರನೆಯದಕ್ಕೆ ಹಾಕಿ, ಸಂಕೇತ ಅಳಿಸಿ ಓಡಿಸುವುದು. ದೋಷ ಕಾಯಿಲ್‌ನ ಹಿಂದೆಯೇ ಹೋಗಿ ಪಿ0302 ಎಂದು ಬಂದರೆ ತಪ್ಪು ಕಾಯಿಲ್‌ನದ್ದು. ಪಿ0303 ಎಂದೇ ಉಳಿದರೆ ಪ್ಲಗ್, ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್ ಅಥವಾ ಇನ್ನೂ ಒಳಗಿನ ಯಾವುದೋ. ಮಲ್ಟಿಮೀಟರ್ ಹಿಡಿದು ಸುರುಳಿಯ ರೋಧ ಅಳೆಯಬಹುದೆಂದು ಅನೇಕರು ಹೇಳುತ್ತಾರೆ, ಎರಡು ಪಿನ್ನಿನ ಸರಳ ಕಾಯಿಲ್‌ಗೆ ಅದು ಸರಿಯೇ. ನಮ್ಮದು ಟ್ರಾನ್ಸಿಸ್ಟರನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ ನಾಲ್ಕು ಪಿನ್ನಿನದು, ಹೊರಗಿನಿಂದ ಅಳೆದರೆ ನಂಬುವಂಥ ಉತ್ತರ ಸಿಗುವುದಿಲ್ಲ. ಅಲ್ಲದೆ ತಣ್ಣಗಿದ್ದಾಗ ಆರೋಗ್ಯವಾಗಿ ಕಾಣುವ ಸುರುಳಿ ಬಿಸಿಯಾದಾಗ ಮಾತ್ರ ಕೈಕೊಡುವುದೂ ಉಂಟು. ಅದಲುಬದಲು ಮಾಡಿ ಓಡಿಸಿ ನೋಡುವ ಪರೀಕ್ಷೆಯೇ ನನಗೆ ಹೆಚ್ಚು ಪ್ರಾಮಾಣಿಕವೆನಿಸಿತು.

ಬಿಚ್ಚುವ ಕೆಲಸ ನಿಜಕ್ಕೂ ಚಿಕ್ಕದು. ರಾತ್ರಿಯಿಡೀ ನಿಂತ ತಣ್ಣಗಿನ ಎಂಜಿನ್, ಕೀಲಿ ಹೊರಗೆ. ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಎತ್ತಿದರೆ ನಾಲ್ಕು ಕಪ್ಪು ತಲೆಗಳು ಸಾಲಾಗಿ ಕಾಣುತ್ತವೆ. ಒಂದೊಂದಕ್ಕೂ ಹತ್ತರ ಪಾನ ಹಿಡಿಯುವ ಒಂದೇ ಬೋಲ್ಟು, ಒಂದು ವೈರಿನ ಕನೆಕ್ಟರ್. ಕನೆಕ್ಟರಿನ ಲಾಕ್ ವರ್ಷಗಟ್ಟಲೆ ಎಂಜಿನ್ನಿನ ಬಿಸಿಗೆ ಒಣಗಿ ಹಪ್ಪಳದಂತಾಗಿರುತ್ತದೆ, ಆದ್ದರಿಂದ ಅದನ್ನು ಸ್ಕ್ರೂಡ್ರೈವರಿನಿಂದ ಮೀಟದೆ, ಮೊದಲು ಒಳಕ್ಕೆ ನೂಕಿ ಸಡಿಲಿಸಿಕೊಂಡು ನಂತರ ಒತ್ತಿ ಎಳೆಯಬೇಕು. ಬೋಲ್ಟು ಬಿಚ್ಚಿದ ಮೇಲೆ ಕಾಯಿಲನ್ನು ನೇರವಾಗಿ ಎಳೆದರೆ ಬರುವುದಿಲ್ಲ. ಅದರ ಕೆಳಗಿನ ಉದ್ದ ರಬ್ಬರ್ ಬೂಟು ಪ್ಲಗ್ಗಿನ ಪಿಂಗಾಣಿಗೆ ಕಚ್ಚಿಕೊಂಡಿರುತ್ತದೆ. ಎಡಕ್ಕೂ ಬಲಕ್ಕೂ ತಿರುವಿ ಕಚ್ಚು ಬಿಡಿಸಿ ಎತ್ತಬೇಕು. ಮೂರನೆಯದನ್ನು ಎತ್ತಿದಾಗ ಬೂಟಿನ ತುದಿಯಲ್ಲಿ ಜಿಡ್ಡು ಕಂಡಿತು. ಹಳೆಯ ಬಟ್ಟೆಯಲ್ಲಿ ಒರೆಸಿದೆ. ಎಂಜಿನ್ನಿನಲ್ಲಿ ಎಣ್ಣೆ ಇರದೆ ಇನ್ನೇನಿರುತ್ತದೆ ಎಂದುಕೊಂಡೆ.

ಅದಲುಬದಲು ಮಾಡಿ ಶ್ರವಣಬೆಳಗೊಳದ ಕಡೆಗೆ ಹೋಗಿ ಬಂದೆ, ಸಣ್ಣ ಏರುಗಳಲ್ಲೂ ಬೇಕೆಂದೇ ಮೇಲಿನ ಗೇರಿನಲ್ಲಿ ಎಳೆದೆ. ಪಿ0302 ಬಂತು. ದೋಷ ಕಾಯಿಲ್‌ನ ಹಿಂದೆಯೇ ನಡೆದಿತ್ತು. ಪರೀಕ್ಷೆಯಲ್ಲಿ ಪಾಸಾದ ಹುಡುಗನಂತೆ ಖುಷಿಪಟ್ಟೆ.

ಬಿಡಿಭಾಗದ ಅಂಗಡಿಯಲ್ಲಿ "ಸರ್, ಒರಿಜಿನಲ್ ಬೇಕಾ, ಲೋಕಲ್ ಸಾಕಾ?" ಎಂಬ ಪ್ರಶ್ನೆ ಎದುರಾಯಿತು. ಲೋಕಲ್ಲಿನ ಬೆಲೆ ಅರ್ಧಕ್ಕಿಂತ ಕಡಿಮೆ. ಕಾಯಿಲ್‌ನ ವಿಷಯದಲ್ಲಿ ಈ ಉಳಿತಾಯ ನನಗೆ ಸರಿಯೆನಿಸುವುದಿಲ್ಲ, ಅದಕ್ಕೊಂದು ಲೆಕ್ಕವಿದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳೋಣ. ಆ ನಿಮಿಷದಲ್ಲಿ ಗಾಡಿ ಒಂದು ಕಿಲೋಮೀಟರ್ ಸಾಗಿರುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದು ಕಿಡಿ, ಎಂದರೆ ಕಿಲೋಮೀಟರಿಗೆ 1000 ಕಿಡಿ. ನಮ್ಮ ಕಾರು ಆ ಹೊತ್ತಿಗೆ ತೊಂಬತ್ತು ಸಾವಿರ ಕಿಲೋಮೀಟರ್ ಓಡಿತ್ತು. ಆ ಒಂದೊಂದು ಕಾಯಿಲ್ಲೂ ಒಂಬತ್ತು ಕೋಟಿ ಸಲ ತುಂಬಿಕೊಂಡು ಬರಿದಾಗಿತ್ತು. ಸುರುಳಿಯ ಕೂದಲೆಳೆಯಂಥ ತಂತಿಯ ಮೇಲಿನ ನಿರೋಧಕ ಲೇಪ, ಅದನ್ನು ಮುಚ್ಚಿದ ಎಪಾಕ್ಸಿ, ಇವುಗಳ ಗುಣಮಟ್ಟ ಹೊರಗಿನಿಂದ ಕಾಣುವುದಿಲ್ಲ, ಕಾಣುವುದು ಪೊಟ್ಟಣದ ಮುದ್ರೆ ಮಾತ್ರ. ಒರಿಜಿನಲ್ ತೆಗೆದುಕೊಂಡೆ. ಜೊತೆಗೆ ನಾಲ್ಕು ಪ್ಲಗ್ಗುಗಳನ್ನೂ ಕೊಂಡೆ, ಏಕೆಂದರೆ ಪ್ಲಗ್ಗಿನ ತುದಿ ಸವೆದು ಸಂದು ಹಿಗ್ಗಿದಷ್ಟೂ ಕಾಯಿಲ್ ಹೆಚ್ಚು ವೋಲ್ಟೇಜು ಕೊಡಬೇಕಾಗುತ್ತದೆ, ಹೆಚ್ಚು ದಣಿಯುತ್ತದೆ. ಸವೆದ ಪ್ಲಗ್ಗಿನ ಮೇಲೆ ಹೊಸ ಕಾಯಿಲ್ ಕೂರಿಸುವುದು ಹರಿದ ಚೀಲಕ್ಕೆ ಹೊಸ ಅಕ್ಕಿ ಸುರಿದಂತೆ.

ಪ್ಲಗ್ ಹಾಕುವಾಗ ಮಾತ್ರ ನಿಜವಾದ ಭಯ. ಎಂಜಿನ್ನಿನ ಹೆಡ್ಡು ಅಲ್ಯೂಮಿನಿಯಂ, ಪ್ಲಗ್ಗಿನ ಥ್ರೆಡ್ಡು ಉಕ್ಕು. ಓರೆಯಾಗಿ ಕಚ್ಚಿಸಿ ಪಾನ ತಿರುವಿದರೆ ಸೋಲುವುದು ಯಾವಾಗಲೂ ಹೆಡ್ಡೇ. ಬಿಚ್ಚುವ ಮುನ್ನವೇ ಸೈಕಲ್ ಪಂಪಿನಿಂದ ಪ್ಲಗ್ ಕೂರುವ ಗುಂಡಿಯೊಳಗಿನ ಧೂಳು ಊದಿಬಿಟ್ಟಿದ್ದೆ, ಒಂದು ಹರಳು ಮರಳು ಒಳಗೆ ಬಿದ್ದರೂ ಸಿಲಿಂಡರಿನ ಗೋಡೆ ಗೀಚುತ್ತದೆಂಬ ಅಂಜಿಕೆಯಿಂದ. ಹೊಸ ಪ್ಲಗ್ಗಿನ ನೆತ್ತಿಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ, ಪೈಪನ್ನು ಬೆರಳುಗಳಲ್ಲಿ ತಿರುವುತ್ತ ಹೋದೆ. ಓರೆಯಾದರೆ ಪೈಪು ಜಾರುತ್ತದೆಯೇ ಹೊರತು ಥ್ರೆಡ್ ಹಾಳಾಗುವುದಿಲ್ಲ. ಬೆರಳಿಗೆ ಬಿಗಿಯಾದ ಮೇಲೆ ಮಾತ್ರ ಟಾರ್ಕ್ ರೆಂಚು, ಅದೂ ಕಾರಿನ ಕೈಪಿಡಿ ಹೇಳಿದ ಅಂಕಿಗೆ. ಕಾಯಿಲ್‌ನ ಬೋಲ್ಟಿಗಂತೂ ಹತ್ತು ನ್ಯೂಟನ್-ಮೀಟರಿನಷ್ಟೇ ಸಾಕು, ಬಲಪ್ರದರ್ಶನ ಬೇಡ. ಬೂಟಿನ ಒಳ ಅಂಚಿಗೆ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳ್ಳಗೆ ಸವರಿ ಕೂರಿಸಿದೆ, ಸಂಕೇತ ಅಳಿಸಿದೆ, ಸ್ಟಾರ್ಟ್ ಮಾಡಿದೆ. ಎಂಜಿನ್ ಹಿತವಾಗಿ ಗುನುಗಿತು. ಎಲ್ಲ ಸೇರಿ ಒಂದು ಗಂಟೆ, ಅದರಲ್ಲಿ ಇಪ್ಪತ್ತು ನಿಮಿಷ ಬಾನೆಟ್ಟಿನ ಸಂದಿಗೆ ಬಿದ್ದ ಒಂದು ಬೋಲ್ಟನ್ನು ಹುಡುಕಿದ್ದು.

ಉಳಿದ ಮೂರನ್ನು ಬದಲಿಸಲಿಲ್ಲ. ಒಂದು ಹೋದರೆ ಉಳಿದವೂ ಅದೇ ವಯಸ್ಸಿನವು, ಎಲ್ಲವನ್ನೂ ಒಟ್ಟಿಗೆ ಬದಲಿಸಿಬಿಡಿ ಎಂಬ ವಾದದಲ್ಲಿ ಹುರುಳಿದೆ, ವಿಶೇಷವಾಗಿ ಕಾಯಿಲ್ ತಲುಪಲು ಇನ್‌ಟೇಕ್ ಮ್ಯಾನಿಫೋಲ್ಡನ್ನೇ ಬಿಚ್ಚಬೇಕಾದ ವಿ6 ಎಂಜಿನ್‌ಗಳಲ್ಲಿ. ನಮ್ಮ ಕಾರಿನಲ್ಲಿ ಒಂದು ಬೋಲ್ಟು ಬಿಚ್ಚಿದರೆ ಕೈಗೆ ಬರುವ ವಸ್ತುವಿಗೆ ಅಷ್ಟು ಮುಂಜಾಗ್ರತೆ ಬೇಕಿಲ್ಲವೆಂದು ಅಂದೂ ನನ್ನ ಅಭಿಪ್ರಾಯವಾಗಿತ್ತು, ಇಂದೂ ಅದೇ.

ನವೆಂಬರಿನಲ್ಲಿ ಅದೇ ಘಾಟಿಯಲ್ಲಿ ಅದೇ ಬಿಕ್ಕಳಿಕೆ ಮರಳಿತು. ಪಿ0303. ನಾಲ್ಕು ತಿಂಗಳ ಹಿಂದೆ ಹಾಕಿದ ಹೊಸ ಕಾಯಿಲ್! ಅಂಗಡಿಯವರು ಡೂಪ್ಲಿಕೇಟ್ ಕೊಟ್ಟರೆಂದು ಮನಸ್ಸಿನಲ್ಲೇ ಶಪಿಸುತ್ತ ಹಾಸನಕ್ಕೆ ಬಂದೆ. ಮಿನುಗುವ ದೀಪವಿಟ್ಟುಕೊಂಡು ಬಹಳ ಓಡಿಸಬಾರದೆಂಬುದು ಗೊತ್ತಿತ್ತು. ಉರಿಯದ ಪೆಟ್ರೋಲು ಎಕ್ಸಾಸ್ಟಿಗೆ ಹೋಗಿ, ಅಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು, ಅದರ ಜೇನುಗೂಡಿನಂಥ ಪಿಂಗಾಣಿಯನ್ನು ಕರಗಿಸಿಬಿಡಬಲ್ಲದು, ಆಗ ಕಾಯಿಲ್‌ನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಆ ರಾತ್ರಿಯೇ ಟಾರ್ಚ್ ಬೆಳಕಿನಲ್ಲಿ ಎರಡು ಮತ್ತು ಮೂರನ್ನು ಅದಲುಬದಲು ಮಾಡಿ, ಬೆಳಗ್ಗೆ ಓಡಿಸಿ ನೋಡಿದೆ. ಈ ಸಲ ಪಿ0302 ಮತ್ತು ಪಿ0303 ಎರಡೂ ಬಂದವು.

ನನ್ನ ತರ್ಕಕ್ಕೆ ಇದು ದಕ್ಕಲಿಲ್ಲ. ದೋಷ ಕಾಯಿಲ್‌ನ ಜೊತೆ ಹೋಗಬೇಕು, ಇಲ್ಲವೇ ಸಿಲಿಂಡರಿನಲ್ಲಿ ಉಳಿಯಬೇಕು. ಹೋಗಿಯೂ ಉಳಿಯುವುದೆಂದರೆ ಹೇಗೆ? ನಮ್ಮ ಬೀದಿಯ ತುದಿಯಲ್ಲಿ ಟ್ಯಾಕ್ಸಿ ಓಡಿಸುವವರೊಬ್ಬರಿದ್ದಾರೆ, ತಮ್ಮ ಗಾಡಿಯನ್ನು ತಾವೇ ಬಿಚ್ಚಿ ಜೋಡಿಸುವವರು. ಅವರು ಬಂದು ಕಾಯಿಲನ್ನು ಎತ್ತಿ, ಕಾಯಿಲನ್ನು ನೋಡದೆ ಬೂಟನ್ನು ನೋಡಿದರು. ಹೆಬ್ಬೆರಳಿನಿಂದ ಒತ್ತಿದರು. "ಅಣ್ಣಾ, ರಬ್ಬರ್ ಊದಿಕೊಂಡಿದೆ ನೋಡಿ. ಗುಂಡಿಯಲ್ಲಿ ಆಯಿಲ್ ನಿಂತಿದೆ" ಎಂದರು. ಟಾರ್ಚ್ ಬಿಟ್ಟು ನೋಡಿದರೆ ಮೂರನೆಯ ಗುಂಡಿಯ ತಳದಲ್ಲಿ ಪ್ಲಗ್ಗಿನ ಷಟ್ಕೋನದವರೆಗೂ ಎಂಜಿನ್ ಆಯಿಲ್ ಹೊಳೆಯುತ್ತಿತ್ತು. ಪ್ಲಗ್ ಹೊರತೆಗೆದಾಗ ಅದರ ಬಿಳಿಯ ಪಿಂಗಾಣಿಯ ಉದ್ದಕ್ಕೂ ಪೆನ್ಸಿಲಿನಿಂದ ಎಳೆದಂತೆ ಒಂದು ಕಪ್ಪು ಗೆರೆ. ಅದಕ್ಕೆ ಎದುರಾಗಿ ಬೂಟಿನ ಒಳಗೋಡೆಯಲ್ಲೂ ಅಂಥದೇ ಒಂದು.

ಕಿಡಿ ಹಿಡಿದ ಸುಲಭದ ದಾರಿ ಅದೇ. ಎಂಜಿನ್ನಿನ ಮೇಲ್ಮುಚ್ಚಳವಾದ ವಾಲ್ವ್ ಕವರಿಗೂ ಪ್ಲಗ್ ಕೂರುವ ಕೊಳವೆಗೂ ನಡುವೆ ಒಂದೊಂದು ರಬ್ಬರ್ ಸೀಲ್ ಇರುತ್ತದೆ. ವರ್ಷಗಳು ಕಳೆದಂತೆ ಅದು ಕಲ್ಲಾಗಿ, ಮೇಲಿನ ಎಣ್ಣೆ ಹನಿಹನಿಯಾಗಿ ಗುಂಡಿಗೆ ಇಳಿಯುತ್ತದೆ, ಬೂಟಿನ ರಬ್ಬರು ಎಣ್ಣೆ ಕುಡಿದು ಮೆತ್ತಗಾಗಿ ಪಿಂಗಾಣಿಯ ಮೇಲಿನ ಹಿಡಿತ ಬಿಡುತ್ತದೆ. ಒತ್ತಡ ಹೆಚ್ಚಿದ ಕ್ಷಣದಲ್ಲಿ ವಿದ್ಯುತ್ತು ಸಿಲಿಂಡರಿನೊಳಗಿನ ಸಂದನ್ನು ಹಾರುವ ಬದಲು ಪಿಂಗಾಣಿಯ ಹೊರಮೈ ಮೇಲೆ ಹರಿದು ಹೆಡ್ಡಿಗೆ ಇಳಿದುಬಿಡುತ್ತದೆ. ಒಮ್ಮೆ ಹರಿದ ದಾರಿಯಲ್ಲಿ ಮಸಿ ಕೂರುತ್ತದೆ, ಮಸಿಯ ದಾರಿಯಲ್ಲಿ ಮುಂದಿನ ಕಿಡಿ ಇನ್ನೂ ಸುಲಭವಾಗಿ ಹರಿಯುತ್ತದೆ. ದನ ನಡೆದಲ್ಲಿ ಕಾಲುದಾರಿ ಬೀಳುವ ಹಾಗೆ. ಅದಲುಬದಲು ಮಾಡಿದಾಗ ಗೆರೆ ಬಿದ್ದ ಬೂಟು ಕಾಯಿಲ್‌ನ ಜೊತೆ ಎರಡನೆಯ ಸಿಲಿಂಡರಿಗೆ ಹೋಗಿತ್ತು, ಗೆರೆ ಬಿದ್ದ ಪ್ಲಗ್ ಮೂರನೆಯದರಲ್ಲೇ ಉಳಿದಿತ್ತು. ಎರಡು ಸಂಕೇತಗಳೂ ನಿಜವನ್ನೇ ಹೇಳಿದ್ದವು.

ಜುಲೈಯಲ್ಲಿ ನಾನು ಬಟ್ಟೆಯಿಂದ ಒರೆಸಿ ಹಾಕಿದ್ದು ಕಾರಣವನ್ನೇ. ಅಂಗಡಿಯವರ ಮೇಲೆ ಹೊರಿಸಿದ್ದ ಅಪವಾದವನ್ನು ಹಿಂತೆಗೆದುಕೊಂಡೆ, ಅವರಿಗೆ ಅದು ತಲುಪಿರಲಿಲ್ಲವಾದರೂ. ವಾಲ್ವ್ ಕವರ್ ಗ್ಯಾಸ್ಕೆಟ್ಟು, ನಾಲ್ಕು ಕೊಳವೆಯ ಸೀಲುಗಳು, ಒಂದು ಪ್ಲಗ್, ಒಂದು ಬಿಡಿ ಬೂಟು, ಇಷ್ಟನ್ನು ಅವರಿಂದಲೇ ಕೊಂಡೆ. ನಮ್ಮ ಕಾರಿನ ಕಾಯಿಲ್‌ಗೆ ಬೂಟು ಪ್ರತ್ಯೇಕವಾಗಿ ಸಿಗುತ್ತದೆಂಬುದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ; ಕಾಯಿಲ್‌ನ ಬೆಲೆಯ ಹತ್ತರಲ್ಲೊಂದು ಭಾಗವೂ ಇರಲಿಲ್ಲ. ಗ್ಯಾಸ್ಕೆಟ್ಟಿನ ಕೆಲಸ ಮಾತ್ರ ಭಾನುವಾರ ಪೂರ್ತಿ ತಿಂದಿತು. ಹಳೆಯ ಸೀಲುಗಳು ತುಂಡುತುಂಡಾಗಿ ಪ್ಲಾಸ್ಟಿಕ್ಕಿನಂತೆ ಚಟಚಟನೆ ಮುರಿದು ಬಂದವು. ಕವರನ್ನು ಕೂರಿಸುವ ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ, ಎರಡು ಮೂರು ಸುತ್ತಿನಲ್ಲಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆ ಮೊದಲು ಬಿಗಿದರೆ ಹೊಸ ಗ್ಯಾಸ್ಕೆಟ್ಟೂ ಸೋರುತ್ತದೆ.

ಎಲ್ಲ ಮುಗಿದ ಮೇಲೆ ಒಂದು ಅನುಮಾನ ಉಳಿಯಿತು. ಜುಲೈಯಲ್ಲಿ ತೆಗೆದ ಹಳೆಯ ಕಾಯಿಲನ್ನು ಎಸೆದಿರಲಿಲ್ಲ, ನಮ್ಮ ಮನೆಯಲ್ಲಿ ಯಾವುದನ್ನೂ ಎಸೆಯುವುದಿಲ್ಲ. ಅದರ ಊದಿಕೊಂಡ ಬೂಟನ್ನು ಕಿತ್ತು, ಇನ್ನೊಂದು ಹೊಸದನ್ನು ತಂದು ತೊಡಿಸಿ, ಮೂರನೆಯ ಸಿಲಿಂಡರಿಗೇ ಹಾಕಿ, ಡಿಸೆಂಬರಿನಲ್ಲಿ ಊರಿಗೆ ಹೋಗಿ ಬಂದೆ. ತೆಂಗಿನಕಾಯಿ ಚೀಲ ಈ ಸಲವೂ ಇತ್ತು. ಚಾರ್ಮಾಡಿಯ ತಿರುವುಗಳಲ್ಲಿ ಬೇಕೆಂದೇ ಕಾಲು ಪೂರ್ತಿ ಒತ್ತಿದೆ. ಒಂದೇ ಒಂದು ಬಿಕ್ಕಳಿಕೆಯಿಲ್ಲ, ಒಂದೇ ಒಂದು ಸಂಕೇತವಿಲ್ಲ. ನಾನು ಸತ್ತಿದೆಯೆಂದು ತೀರ್ಮಾನಿಸಿ ಬದಲಿಸಿದ್ದ ಕಾಯಿಲ್‌ಗೆ ಏನೂ ಆಗಿರಲೇ ಇಲ್ಲ.

ಊರಿನಲ್ಲಿ ಇದನ್ನೆಲ್ಲ ಅಪ್ಪನಿಗೆ ವಿವರಿಸಿದಾಗ ಅವರು ಕೊನೆಯವರೆಗೂ ಸುಮ್ಮನೆ ಕೇಳಿ, "ನಾನು ಮೊದಲೇ ಕೇಳಿದ್ದೆನಲ್ಲ, ಪ್ಲಗ್ ತೆಗೆದು ನೋಡಿದಿಯಾ ಅಂತ" ಎಂದರು. ತೆಗೆದು ನೋಡಿದ್ದೆ, ಅಪ್ಪ, ಗುಂಡಿಯನ್ನು ನೋಡಿರಲಿಲ್ಲ.

ಹೊಸ ಕಾಯಿಲ್ ಈಗ ಡಿಕ್ಕಿಯಲ್ಲಿ ಜಾಕಿನ ಪಕ್ಕ, ಹತ್ತರ ಪಾನದ ಜೊತೆ, ಹಳೆಯ ಕಾಲುಚೀಲವೊಂದರೊಳಗೆ ಕುಳಿತಿದೆ. ಹಳೆಯದು ಎಂಜಿನ್ನಿನ ಮೇಲಿದೆ. ಆಯಿಲ್ ಬದಲಿಸುವಾಗಲೆಲ್ಲ ಮೂರನೆಯ ಕಾಯಿಲನ್ನು ತಿರುವಿ ಎತ್ತಿ, ಗುಂಡಿಯೊಳಕ್ಕೆ ಟಾರ್ಚ್ ಬಿಡುತ್ತೇನೆ. ಕಳೆದ ಭಾನುವಾರ ನೋಡಿದಾಗ ಒಣಗಿತ್ತು.